ಕಾರ್ಖಾನೆ ಮುಖ್ಯಸ್ಥರ ಬಯೋಡೇಟಾ ಓದುವ ಬಗೆ

ದೊಡ್ಡ ಎಂಜಿನಿಯರಿಂಗ್ ಕಂಪನಿಯ ವೆಬ್‌ಸೈಟ್ ಯಾವುದನ್ನೇ ತೆರೆಯಿರಿ, ಮೇಲಿನವರನ್ನು ಪರಿಚಯಿಸುವ ಪುಟ ಒಂದಿರುತ್ತದೆ. ಕೋಟು ತೊಟ್ಟ ಫೋಟೊ, ಅದರ ಕೆಳಗೆ ಐದಾರು ಸಾಲು. ಮೊದಲ ಸಾಲಿನಲ್ಲಿ ಈಗಿನ ಹುದ್ದೆ, ಕೊನೆಯ ಸಾಲಿನಲ್ಲಿ ಓದಿದ ಕಾಲೇಜು, ನಡುವೆ ‘ಮೂರು ದಶಕಗಳ ಅಪಾರ ಅನುಭವ’. ಓದುವವರ ಕಣ್ಣು ಎರಡು ತುದಿಗಳ ಮೇಲೇ ಬೀಳುತ್ತದೆ. ಎಂಜಿನಿಯರಿಂಗ್ ಓದಿದವರು ಬಂದರೆ ಕಂಪನಿ ಉದ್ಧಾರ, ಲೆಕ್ಕಪತ್ರದವರು ಬಂದರೆ ಮುಳುಗಿತು ಎಂದು ಷರಾ ಬರೆದು ಮುಗಿಸುತ್ತಾರೆ. ಷೇರು ಕೊಳ್ಳುವವರು, ಕೆಲಸಕ್ಕೆ ಸೇರಲು ಹೊರಟ ಹುಡುಗರು, ಪತ್ರಿಕೆಯವರು, ಯಾರೂ ಇದಕ್ಕೆ ಹೊರತಲ್ಲ.

ಆ ‘ಮೂರು ದಶಕ’ವನ್ನು ಬಿಡಿಸದೆ ಬರೆದ ಷರಾ ಕೆಲಸಕ್ಕೆ ಬಾರದು. ಇಪ್ಪತ್ತೈದರಿಂದ ನಲವತ್ತೈದರ ವಯಸ್ಸಿನೊಳಗೆ ಆ ವ್ಯಕ್ತಿ ಯಾವ ಅಂಕಿಗೆ ಉತ್ತರ ಕೊಡಬೇಕಾಗಿತ್ತು ಎಂಬುದು ಡಿಗ್ರಿಗಿಂತ ಹೆಚ್ಚು ಹೇಳುತ್ತದೆ. ಅದು ಮಾತಿನಲ್ಲಿ ತಿರುಚಲು ಬಾರದ ಅಂಕಿಯಾಗಿರಬೇಕು: ರಿಜೆಕ್ಷನ್ ಎಷ್ಟು, ಸ್ಕ್ರ್ಯಾಪ್ ಎಷ್ಟು, ಡೆಲಿವರಿ ಎಷ್ಟು ದಿನ ತಡ, ವಾರಂಟಿಯಲ್ಲಿ ವಾಪಸು ಬಂದದ್ದೆಷ್ಟು. ಮಾರಾಟ ಕಡಿಮೆಯಾದರೆ ಮಾರುಕಟ್ಟೆಯನ್ನು ದೂರಬಹುದು. ಲೇತ್‌ನಿಂದ ಇಳಿದ ಶಾಫ್ಟ್ ಇರಬೇಕಾದ ಅಳತೆಗಿಂತ 20 ಮೈಕ್ರಾನ್ ಹೆಚ್ಚು ದಪ್ಪ ಬಂದರೆ ಯಾರನ್ನು ದೂರುವುದು?

ಒಂಬತ್ತುಗಳ ಲೆಕ್ಕ

ಈ ಅನುಭವ ಯಾಕೆ ಬೇಕು ಎಂಬುದಕ್ಕೆ ಒಂದು ಗುಣಾಕಾರ ಸಾಕು. ಒಂದು ವಸ್ತು ಸಿದ್ಧವಾಗಲು 50 ಹಂತ, ಪ್ರತಿ ಹಂತದಲ್ಲೂ ನೂರಕ್ಕೆ 99 ಸರಿಯಾಗಿ ಬರುತ್ತವೆ ಎಂದಿಟ್ಟುಕೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ 0.99 ಅನ್ನು 50 ಸಲ ಗುಣಿಸಿದರೆ ಸಿಗುವುದು 0.605. ನೂರರಲ್ಲಿ ನಲವತ್ತರ ಹತ್ತಿರ ಕಸದ ಬುಟ್ಟಿಗೆ. ಚಿಪ್‌ನಂಥ ವಸ್ತುವಿಗೆ ಹಂತಗಳೇ ನೂರಾರು. 500 ಹಂತಕ್ಕೆ ಅದೇ ಶೇ 99 ಇಟ್ಟರೆ ಕೊನೆಗೆ ಉಳಿಯುವುದು ಶೇ 1ಕ್ಕೂ ಕಡಿಮೆ. ಪ್ರತಿ ಹಂತವನ್ನು ಶೇ 99.9ಕ್ಕೆ ಏರಿಸಿದರೆ ಶೇ 60, ಶೇ 99.99ಕ್ಕೆ ಏರಿಸಿದರೆ ಶೇ 95. ಚಿಪ್ ಕಾರ್ಖಾನೆಯವರು ಇದನ್ನು ಯೀಲ್ಡ್ ಎನ್ನುತ್ತಾರೆ. ಹೊಲದಲ್ಲಿ ದುಡಿಯುವವರ ಮಾತಿನಲ್ಲಿ ಇಳುವರಿ.

ಶೇ 60 ಬಂದರೂ ಶೇ 95 ಬಂದರೂ ಯಂತ್ರ ಅದೇ, ರಾಸಾಯನಿಕ ಅದೇ, ಕರೆಂಟ್ ಬಿಲ್ ಅದೇ, ಸಂಬಳ ಅದೇ. ಲಾಭ ನಷ್ಟ ಪೂರ್ತಿ ನಿಂತಿರುವುದು ನಾಲ್ಕನೆಯ ಒಂಬತ್ತಿನ ಮೇಲೆ. ಆ ಒಂಬತ್ತಿಗಾಗಿ ರಾತ್ರಿ ಪಾಳಿಯಲ್ಲಿ ಒದ್ದಾಡಿದವರಿಗೆ ಸ್ಲೈಡಿನ ಮೇಲಿನ ‘99.9’ ಕಂಡರೆ ಹೊಟ್ಟೆ ತಳಮಳಿಸುತ್ತದೆ. ಒದ್ದಾಡದವರು ಅದನ್ನು ನೋಡಿ ತಲೆದೂಗುತ್ತಾರೆ.

ತೈವಾನಿನ ಚಿಪ್ ತಯಾರಿಕಾ ಕಂಪನಿ ಟಿಎಸ್‌ಎಂಸಿಯನ್ನು 1987ರಲ್ಲಿ ಕಟ್ಟಿದ ಮಾರಿಸ್ ಚಾಂಗ್ ಅವರ ಬಯೋಡೇಟಾವನ್ನು ಈ ಗುಣಾಕಾರದ ಪಕ್ಕದಲ್ಲಿಟ್ಟು ಓದಬೇಕು. ಸಾಮಾನ್ಯ ಪರಿಚಯಗಳಲ್ಲಿ ‘ಎಂಐಟಿ, ಸ್ಟ್ಯಾನ್‌ಫರ್ಡ್’ ಎಂದು ಇರುತ್ತದೆ, ಅಷ್ಟೇ. ಎಂಐಟಿಯಲ್ಲಿ ಅವರು ಓದಿದ್ದು ಮೆಕ್ಯಾನಿಕಲ್. ಅಲ್ಲಿ ಪಿಎಚ್‌ಡಿ ಅರ್ಹತಾ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ, 1955ರಲ್ಲಿ ಸಿಲ್ವೇನಿಯಾ ಕಂಪನಿಯ ಟ್ರಾನ್ಸಿಸ್ಟರ್ ಕೆಲಸಕ್ಕೆ ಸೇರಿದರು. 1958ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ಗೆ ಹೋದಾಗ ಅವರ ಪಾಲಿಗೆ ಬಂದದ್ದು ಐಬಿಎಂಗಾಗಿ ಟ್ರಾನ್ಸಿಸ್ಟರ್ ಮಾಡುತ್ತಿದ್ದ ಲೈನು. ಅದರ ಇಳುವರಿ ಹೆಚ್ಚುಕಡಿಮೆ ಸೊನ್ನೆ. ತಾಪಮಾನ, ಒತ್ತಡ ಇಂಥವುಗಳನ್ನು ಚೂರು ಚೂರೇ ಬದಲಿಸಿ ನೋಡುತ್ತಾ ಕೆಲವೇ ತಿಂಗಳಲ್ಲಿ ಶೇ 20 ದಾಟಿಸಿದರು. ಕಂಪನಿ ಖರ್ಚು ಹಾಕಿ ಅವರನ್ನು ಸ್ಟ್ಯಾನ್‌ಫರ್ಡ್‌ಗೆ ಕಳಿಸಿದ್ದು ಆಮೇಲೆ. ಪಿಎಚ್‌ಡಿ ಕೈಗೆ ಬಂದದ್ದು 1964ರಲ್ಲಿ. ಬಯೋಡೇಟಾದಲ್ಲಿ ಮೊದಲು ಕಾಣುವ ಡಿಗ್ರಿ ಬದುಕಿನಲ್ಲಿ ಬಂದದ್ದು ಲೈನು ಸರಿಹೋದ ನಂತರ.

ಅದೇ ಕಂಪನಿಯಲ್ಲಿ ಅವರು 25 ವರ್ಷ ಇದ್ದರು. ಬೇರೆಯವರ ವಿನ್ಯಾಸವನ್ನು ತಯಾರಿಸಿ ಕೊಡುವುದನ್ನೇ ವ್ಯಾಪಾರ ಮಾಡಿಕೊಂಡ ಕಂಪನಿ ಕಟ್ಟಿದಾಗ ವಯಸ್ಸು ಐವತ್ತು ದಾಟಿತ್ತು. ಆಗ ಚಿಪ್ ಕಂಪನಿ ಎಂದರೆ ವಿನ್ಯಾಸ, ತಯಾರಿಕೆ ಎರಡನ್ನೂ ತಾನೇ ಮಾಡುವುದು ಎಂದೇ ಎಲ್ಲರ ಲೆಕ್ಕ. ಇಳುವರಿಯೊಂದೇ ಒಂದು ಕಂಪನಿಯ ಬಂಡವಾಳ ಆಗಬಲ್ಲದು ಎಂದು ಹೊಳೆಯಲು ಅಂಥದೇ ಹಿನ್ನೆಲೆ ಬೇಕಿತ್ತು.

ಇಂಟೆಲ್‌ನ ಕುರ್ಚಿ

ಇಷ್ಟು ಹೇಳಿದ ಮೇಲೆ ‘ಹಾಗಾದರೆ ಫ್ಯಾಕ್ಟರಿಯಿಂದ ಬಂದವರನ್ನೇ ಕೂರಿಸಿದರಾಯಿತು’ ಎನ್ನಬಹುದು. ಅಷ್ಟು ಸಲೀಸಲ್ಲ. ಅಮೆರಿಕದ ಚಿಪ್ ಕಂಪನಿ ಇಂಟೆಲ್‌ನ ಮುಖ್ಯಸ್ಥರ ಸಾಲನ್ನು ನೋಡಿ.

ರಾಬರ್ಟ್ ನಾಯ್ಸ್ ಭೌತಶಾಸ್ತ್ರದ ಪಿಎಚ್‌ಡಿ, ಗೋರ್ಡನ್ ಮೂರ್ ರಸಾಯನಶಾಸ್ತ್ರದ್ದು, ಆಂಡಿ ಗ್ರೋವ್ ಕೆಮಿಕಲ್ ಎಂಜಿನಿಯರಿಂಗ್‌ನದು. 1998ರಲ್ಲಿ ಬಂದ ಕ್ರೇಗ್ ಬ್ಯಾರೆಟ್ ಸ್ಟ್ಯಾನ್‌ಫರ್ಡ್‌ನಲ್ಲಿ ಲೋಹ ಮತ್ತಿತರ ವಸ್ತುಗಳ ವಿಜ್ಞಾನ ಕಲಿಸುತ್ತಿದ್ದ ಪ್ರಾಧ್ಯಾಪಕ. ಬ್ಯಾರೆಟ್ ಹೆಸರಿನ ಜೊತೆ ‘ಕಾಪಿ ಎಕ್ಸಾಕ್ಟ್ಲಿ’ ಎಂಬ ಪದ್ಧತಿ ಅಂಟಿಕೊಂಡಿದೆ. ಒಂದು ಫ್ಯಾಬ್‌ನಲ್ಲಿ, ಅಂದರೆ ಚಿಪ್ ಕಾರ್ಖಾನೆಯಲ್ಲಿ, ಪ್ರಕ್ರಿಯೆ ಪಳಗಿದ ಮೇಲೆ ಬೇರೆ ಊರಿನ ಫ್ಯಾಬ್‌ನಲ್ಲಿ ಅದನ್ನು ಕೂದಲೆಳೆ ತಪ್ಪದಂತೆ ನಕಲು ಮಾಡಬೇಕು. ಯಂತ್ರದ ಮಾದರಿ, ರಾಸಾಯನಿಕ ಪೂರೈಸುವವರು, ಪಂಪಿನ ಸೆಟ್ಟಿಂಗ್, ಅನಿಲ ಬರುವ ಪೈಪಿನ ಉದ್ದ ಕೂಡ ಒಂದೇ ಇರಬೇಕು. ಹೊರಗಿನವರಿಗೆ ಇದು ಹುಚ್ಚಾಟ. ಆದರೆ ನೂರಾರು ಹಂತಗಳಲ್ಲಿ ಯಾವ ವ್ಯತ್ಯಾಸ ಇಳುವರಿಯನ್ನು ತಿಂದುಹಾಕುತ್ತದೆ ಎಂದು ಮುಂಚೆ ಹೇಳಲು ಬಾರದು. ಆದ್ದರಿಂದ ಯಾವ ವ್ಯತ್ಯಾಸವೂ ಬೇಡ ಎಂಬುದು ಅದರ ತರ್ಕ. ಪೈಪು ಹತ್ತಿರದಿಂದ ಹಾಯಿಸಿದರೆ ದುಡ್ಡು ಉಳಿಯುತ್ತದೆ ಎಂದು ಸೈಟ್ ಎಂಜಿನಿಯರ್ ಹೇಳಿದಾಗ ‘ಬೇಡ’ ಎನ್ನಬೇಕಾದರೆ ಮೇಲೆ ಕೂತವರಿಗೆ ಇದರ ಕಾರಣ ಗೊತ್ತಿರಬೇಕು.

2005ರಲ್ಲಿ ಬಂದ ಪಾಲ್ ಒಟೆಲಿನಿ ಅರ್ಥಶಾಸ್ತ್ರ ಓದಿ ಎಂಬಿಎ ಮಾಡಿದವರು, 1974ರಿಂದಲೂ ಇಂಟೆಲ್‌ನಲ್ಲೇ ಇದ್ದರು. ಐಫೋನ್‌ಗೆ ಚಿಪ್ ಮಾಡಿಕೊಡುವ ಅವಕಾಶ ಬಿಟ್ಟುಹೋದದ್ದು ಇವರ ಕಾಲದಲ್ಲಿ. ಕಾರಣವನ್ನು ಅವರೇ 2013ರಲ್ಲಿ ಹೇಳಿಕೊಂಡಿದ್ದಾರೆ: ಆಪಲ್ ಕೊಡುತ್ತೇನೆಂದ ಬೆಲೆ ಇಂಟೆಲ್ ಅಂದಾಜಿಸಿದ್ದ ತಯಾರಿಕಾ ವೆಚ್ಚಕ್ಕಿಂತ ಕಡಿಮೆಯಿತ್ತು, ಆ ಅಂದಾಜು ತಪ್ಪಿತ್ತು, ಮಾರಾಟವಾದ ಸಂಖ್ಯೆ ಎಲ್ಲರ ಊಹೆಯನ್ನೂ ನೂರು ಪಟ್ಟು ಮೀರಿತು. ‘ನೋಡಿ, ಲೆಕ್ಕದವರನ್ನು ಕೂರಿಸಿದ್ದರ ಫಲ’ ಎಂದು ಆಡಿಕೊಳ್ಳುವವರು ಇಲ್ಲಿಗೇ ಪುಟ ಮುಚ್ಚುತ್ತಾರೆ.

ಮುಂದಿನ ಪುಟ ಓದಬೇಕು. 2013ರಲ್ಲಿ ಬಂದ ಬ್ರಯನ್ ಕ್ರಜಾನಿಚ್ ರಸಾಯನಶಾಸ್ತ್ರದ ಪದವೀಧರ, ಪ್ರೊಸೆಸ್ ಎಂಜಿನಿಯರ್ ಆಗಿ ಸೇರಿ ಫ್ಯಾಬ್‌ಗಳಲ್ಲೇ ಬೆಳೆದವರು, ತಯಾರಿಕೆಯ ಮುಖ್ಯಸ್ಥರಾಗಿದ್ದವರು. ಈ ಲೇಖನದ ಮೊದಲ ಭಾಗದ ಪ್ರಕಾರ ಅಪ್ಪಟ ಆಯ್ಕೆ. ಅವರ ಕಾಲದಲ್ಲೇ 10 ನ್ಯಾನೊಮೀಟರ್ ಎಂಬ ಹೊಸ ತಲೆಮಾರಿನ ಚಿಪ್ ತಯಾರಿಕಾ ಪ್ರಕ್ರಿಯೆ ಕೈಕೊಟ್ಟಿತು. ಹಿಂದಿನ 14 ನ್ಯಾನೊಮೀಟರ್‌ಗಿಂತ 2.7 ಪಟ್ಟು ಟ್ರಾನ್ಸಿಸ್ಟರ್‌ಗಳನ್ನು ಅಷ್ಟೇ ಜಾಗದಲ್ಲಿ ತುಂಬುವ ಗುರಿ. ಇಯುವಿ ಎಂಬ ಹೊಸ ಬೆಳಕಿನ ಯಂತ್ರ ಇನ್ನೂ ಸಿದ್ಧವಿರಲಿಲ್ಲ. ಹಳೆಯ ಬೆಳಕಿನಲ್ಲೇ ಸೂಕ್ಷ್ಮ ಗೆರೆ ಮೂಡಿಸಲು ಒಂದೇ ಪದರಕ್ಕೆ ನಾಲ್ಕು ಪಟ್ಟು ಬಿಡಿಸುವ ತಂತ್ರ ಹಿಡಿದರು. ಕೆಳಗಿನ ತಂತಿ ಪದರಗಳಿಗೆ ತಾಮ್ರದ ಬದಲು ಕೋಬಾಲ್ಟ್ ಬಂತು. ಟ್ರಾನ್ಸಿಸ್ಟರ್‌ನಲ್ಲಿ ಕರೆಂಟ್ ಹರಿವನ್ನು ಹತೋಟಿಯಲ್ಲಿಡುವ ಭಾಗವಾದ ಗೇಟ್ ಮೇಲೆಯೇ ಸಂಪರ್ಕ ಕೊಡುವ ಹೊಸ ರಚನೆಯೂ ಸೇರಿತು. ಒಂದೇ ಜಿಗಿತದಲ್ಲಿ ಮೂರು ಹೊಸತು. ಮೇಲಿನ ಗುಣಾಕಾರ ನೆನಪಿಸಿಕೊಳ್ಳಿ: ಹಂತಗಳ ಸಂಖ್ಯೆ ಏರಿತು, ಪ್ರತಿ ಹಂತದ ಒಂಬತ್ತುಗಳು ಇಳಿದವು. 2015ರ ಸುಮಾರಿಗೆ ಬರಬೇಕಿದ್ದದ್ದು ನಿಜವಾದ ಪ್ರಮಾಣದಲ್ಲಿ ಬಂದದ್ದು 2019ರಲ್ಲಿ.

ಆಮೇಲೆ ಬಂದ ಬಾಬ್ ಸ್ವಾನ್ ಹಣಕಾಸಿನವರು. 2021ರಲ್ಲಿ ಬಂದ ಪ್ಯಾಟ್ ಗೆಲ್ಸಿಂಗರ್ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಹಿಡಿದು 1979ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ತಂತ್ರಜ್ಞನಾಗಿ ಇಂಟೆಲ್‌ಗೆ ಸೇರಿ, ಕೆಲಸ ಮಾಡುತ್ತಲೇ ಎಂಜಿನಿಯರಿಂಗ್ ಮುಗಿಸಿದವರು. ನಾಲ್ಕು ವರ್ಷದಲ್ಲಿ ಐದು ಪ್ರಕ್ರಿಯೆ ಎಂದು ಘೋಷಿಸಿದರು; ಕೊನೆಯದರ ಫಲ ಕಾಣುವ ಮೊದಲೇ 2024ರ ಡಿಸೆಂಬರಿನಲ್ಲಿ ಹೊರನಡೆದರು. 2025ರ ಮಾರ್ಚ್‌ನಿಂದ ಆ ಕುರ್ಚಿಯಲ್ಲಿ ಲಿಪ್-ಬು ಟಾನ್ ಇದ್ದಾರೆ: ಭೌತಶಾಸ್ತ್ರ, ಎಂಐಟಿಯಲ್ಲಿ ನ್ಯೂಕ್ಲಿಯರ್ ಎಂಜಿನಿಯರಿಂಗ್, ಎಂಬಿಎ, ಹೂಡಿಕೆ ಸಂಸ್ಥೆ, ಆಮೇಲೆ ಚಿಪ್ ವಿನ್ಯಾಸದ ಸಾಫ್ಟ್‌ವೇರ್ ಮಾಡುವ ಕೇಡೆನ್ಸ್.

ಈ ಸಾಲಿನಿಂದ ತೆಗೆಯಬೇಕಾದ ಪಾಠ ‘ಎಂಜಿನಿಯರ್ ಒಳ್ಳೆಯವನು’ ಎಂಬುದಂತೂ ಅಲ್ಲ. ಒಂದು ಚಿಪ್ ಪ್ರಕ್ರಿಯೆ ರೂಪುಗೊಂಡು ಕೈಗೆ ಬರಲು ನಾಲ್ಕೈದು ವರ್ಷ. ಕುರ್ಚಿಯಲ್ಲಿ ಕೂತವರು ಕೊಯ್ಯುವುದು ಬಹುಮಟ್ಟಿಗೆ ಹಿಂದಿನವರು ಬಿತ್ತಿದ್ದನ್ನು. ಸ್ವಾನ್ ಕಾಲದ ತೊಂದರೆಗೆ ಸ್ವಾನ್ ಅವರ ಹಣಕಾಸಿನ ಡಿಗ್ರಿ ಕಾರಣ ಎನ್ನುವುದು, ಮುಂಗಾರು ಕೈಕೊಟ್ಟದ್ದಕ್ಕೆ ಹೊಸ ತಹಶೀಲ್ದಾರರನ್ನು ಬೈದ ಹಾಗೆ.

ಕೆಂಪು ಸ್ಲೈಡು, ಬದಲಾಗದ ಪಾರ್ಟ್ ನಂಬರ್

ಕೆಟ್ಟ ಸುದ್ದಿ ಮೇಲಿನವರಿಗೆ ಯಾವ ದಾರಿಯಲ್ಲಿ ತಲುಪುತ್ತದೆ ಎಂಬುದನ್ನು ಬಯೋಡೇಟಾದಲ್ಲಿ ಯಾರೂ ಬರೆಯುವುದಿಲ್ಲ. ಹಿನ್ನೆಲೆಯ ಪರಿಣಾಮ ಢಾಳಾಗಿ ಕಾಣುವುದು ಅಲ್ಲೇ.

ಅಲನ್ ಮುಲಾಲಿ ಬೋಯಿಂಗ್‌ನಲ್ಲಿ ದಶಕಗಳ ಕಾಲ ದುಡಿದ ಏರೋನಾಟಿಕಲ್ ಎಂಜಿನಿಯರ್, 777 ವಿಮಾನ ಯೋಜನೆಯ ನೇತೃತ್ವ ವಹಿಸಿದ್ದವರು. 2006ರಲ್ಲಿ ಫೋರ್ಡ್‌ಗೆ ಬಂದಾಗ ಪ್ರತಿ ಗುರುವಾರ ಎಲ್ಲ ವಿಭಾಗದ ಮುಖ್ಯಸ್ಥರೂ ಒಂದೇ ಕೋಣೆಯಲ್ಲಿ ಕೂತು ತಮ್ಮ ತಮ್ಮ ಕೆಲಸವನ್ನು ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ತೋರಿಸಬೇಕೆಂದರು. ಮೊದಮೊದಲು ಎಲ್ಲರ ಸ್ಲೈಡೂ ಹಸಿರು. ಆ ವರ್ಷ ಕಂಪನಿಯ ನಷ್ಟ 1,200 ಕೋಟಿ ಡಾಲರ್ ದಾಟಿತು! ಕೊನೆಗೊಂದು ಗುರುವಾರ ಮಾರ್ಕ್ ಫೀಲ್ಡ್ಸ್ ಕೆಂಪು ಸ್ಲೈಡ್ ತಂದರು: ಕೆನಡಾದ ಓಕ್‌ವಿಲ್ ಘಟಕದಲ್ಲಿ ಎಡ್ಜ್ ಕಾರಿನ ಹಿಂಬಾಗಿಲ ಭಾಗದಲ್ಲಿ ತೊಂದರೆ, ಬಿಡುಗಡೆ ನಿಲ್ಲಿಸಿದ್ದೇವೆ. ಕೋಣೆ ಸ್ತಬ್ಧ. ಮುಲಾಲಿ ಚಪ್ಪಾಳೆ ತಟ್ಟಿ, ಇದಕ್ಕೆ ಯಾರು ಸಹಾಯ ಮಾಡಬಲ್ಲಿರಿ ಎಂದು ಕೇಳಿದರು. ಮುಂದಿನ ವಾರಗಳಲ್ಲಿ ಸ್ಲೈಡುಗಳಿಗೆ ನಿಜವಾದ ಬಣ್ಣ ಬಂತು. ವಿಮಾನ ಯೋಜನೆ ನಡೆಸಿದವರಿಗೆ ಇದು ಸಹಜ; ಲಕ್ಷಾಂತರ ಭಾಗಗಳಲ್ಲಿ ಒಂದರ ತೊಂದರೆ ಮುಚ್ಚಿಟ್ಟರೂ ಅದು ರನ್‌ವೇ ಮೇಲೆ ಹೊರಬೀಳುತ್ತದೆ.

ಆದರೆ ಇದೇ ಮುಲಾಲಿ ಬೋಯಿಂಗ್‌ನ ವಾಣಿಜ್ಯ ವಿಮಾನ ವಿಭಾಗದ ಮುಖ್ಯಸ್ಥರಾಗಿದ್ದಾಗಲೇ 787 ಯೋಜನೆ 2004ರಲ್ಲಿ ಹೊರಟಿತು. ರೆಕ್ಕೆ, ಒಡಲಿನ ದೊಡ್ಡ ದೊಡ್ಡ ತುಂಡುಗಳನ್ನೇ ಬೇರೆ ಬೇರೆ ದೇಶದ ಕಂಪನಿಗಳಿಗೆ ಒಪ್ಪಿಸುವ ಲೆಕ್ಕಾಚಾರ ಅದರದು. 2007ರ ಜುಲೈ 8ರಂದು ವಿಮಾನವನ್ನು ಜಗತ್ತಿಗೆ ತೋರಿಸಿದಾಗ ಹೊರಗೆ ಫಳಫಳ, ಒಳಗೆ ಬಹಳ ಕಡೆ ತಾತ್ಕಾಲಿಕ ಫಾಸ್ಟನರ್‌ಗಳು (ಭಾಗಗಳನ್ನು ಬಿಗಿದಿಡುವ ಬೋಲ್ಟಿನಂಥವು). ಅಸಲಿಯವುಗಳ ಕೊರತೆ ಇತ್ತು. ಹಾಕಿದ್ದನ್ನೆಲ್ಲ ಬಿಚ್ಚಿ ಮತ್ತೆ ಹಾಕಬೇಕಾಯಿತು. ಮೊದಲ ಹಾರಾಟ 2009ರ ಡಿಸೆಂಬರಿಗೆ ಹೋಯಿತು, ಮೊದಲ ಡೆಲಿವರಿ 2011ರ ಸೆಪ್ಟೆಂಬರಿಗೆ. ಅಷ್ಟರಲ್ಲಿ ಮುಲಾಲಿ ಫೋರ್ಡ್‌ನಲ್ಲಿ ಶಹಬ್ಬಾಸ್ ಅನ್ನಿಸಿಕೊಳ್ಳುತ್ತಿದ್ದರು. ಒಬ್ಬರ ಬಯೋಡೇಟಾ ಓದುವಾಗ ಅವರು ಬಿಟ್ಟುಹೋದ ಜಾಗದಲ್ಲಿ ಎರಡು ಮೂರು ವರ್ಷದ ಮೇಲೆ ಏನಾಯಿತು ಎಂದು ನೋಡಬೇಕು ಎನ್ನುವುದು ಇದಕ್ಕೇ.

ಜನರಲ್ ಮೋಟರ್ಸ್‌ನ ಮೇರಿ ಬ್ಯಾರಾ ಅವರದು ಇನ್ನೊಂದು ಬಗೆ. ತಂದೆ ಅದೇ ಕಂಪನಿಯ ಪಾಂಟಿಯಾಕ್ ವಿಭಾಗದಲ್ಲಿ ಡೈ ಮೇಕರ್, ಅಂದರೆ ಅಚ್ಚು ಮಾಡುವವರು. ಮಗಳು 1980ರಲ್ಲಿ ಹದಿನೆಂಟನೆಯ ವಯಸ್ಸಿಗೆ ಬಾನೆಟ್, ಫೆಂಡರ್ ಪರಿಶೀಲಿಸುವ ಕೆಲಸಕ್ಕೆ ಸೇರಿ, ಕಂಪನಿಯದೇ ಸಂಸ್ಥೆಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದರು. ಆಮೇಲೆ ಸ್ಟ್ಯಾನ್‌ಫರ್ಡ್ ಎಂಬಿಎ, ಡೆಟ್ರಾಯಿಟ್-ಹ್ಯಾಮ್‌ಟ್ರಾಮಿಕ್ ಘಟಕದ ಮ್ಯಾನೇಜರ್, ತಯಾರಿಕಾ ಎಂಜಿನಿಯರಿಂಗ್, ನಡುವೆ ಮಾನವ ಸಂಪನ್ಮೂಲ, 2011ರಿಂದ ಉತ್ಪನ್ನ ಅಭಿವೃದ್ಧಿ, 2014ರ ಜನವರಿಯಲ್ಲಿ ಸಿಇಒ. ಪಠ್ಯಪುಸ್ತಕದಲ್ಲಿ ಹಾಕುವಂಥ ಏಣಿ. ಕುರ್ಚಿಯಲ್ಲಿ ಕೂತ ಕೆಲವೇ ವಾರಗಳಲ್ಲಿ ಇಗ್ನಿಷನ್ ಸ್ವಿಚ್ ಹಗರಣ ಸಿಡಿಯಿತು. ಕೀ ತಿರುಗಿಸಲು ಬೇಕಾದ ಬಿಗಿ ನಿರ್ದಿಷ್ಟ ಅಳತೆಗಿಂತ ಕಡಿಮೆಯಿದ್ದು, ಓಡುವ ಕಾರಿನಲ್ಲಿ ಕುಲುಕಾಟಕ್ಕೆ ಕೀ ತಾನೇ ಹಿಂದೆ ಸರಿಯುತ್ತಿತ್ತು. ಎಂಜಿನ್ ಆಫ್, ಪವರ್ ಸ್ಟಿಯರಿಂಗ್ ಇಲ್ಲ, ಅಪಘಾತವಾದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದೂ ಇಲ್ಲ. 26 ಲಕ್ಷ ಕಾರುಗಳನ್ನು ವಾಪಸು ಕರೆಯಬೇಕಾಯಿತು. ಪರಿಹಾರ ನಿಧಿಯವರು ಒಪ್ಪಿದ ಸಾವಿನ ಲೆಕ್ಕ 124.

ಈ ಪ್ರಕರಣದಲ್ಲಿ ಎಂಜಿನಿಯರ್‌ಗಳಾದವರು ಮರೆಯಬಾರದ ಸಂಗತಿ ಒಂದಿದೆ. 2006ರಲ್ಲಿ ಸ್ವಿಚ್ಚಿನ ಒಳಭಾಗವನ್ನು ಬದಲಿಸಿ ಬಿಗಿ ಹೆಚ್ಚಿಸಿದರು. ಆದರೆ ಪಾರ್ಟ್ ನಂಬರ್ ಬದಲಿಸಲಿಲ್ಲ. ಮುಂದೆ ಅಪಘಾತಗಳನ್ನು ತನಿಖೆ ಮಾಡಿದವರಿಗೆ ಒಂದೇ ನಂಬರಿನ ಎರಡು ಬಗೆಯ ಸ್ವಿಚ್ ಇವೆ ಎಂಬುದೇ ಗೊತ್ತಾಗದೆ ವರ್ಷಗಳು ಹೋದವು. ಕಂಪನಿ ನೇಮಿಸಿದ ತನಿಖಾ ವರದಿ ಅಲ್ಲಿನ ಇನ್ನೊಂದು ರೋಗವನ್ನೂ ದಾಖಲಿಸಿತು: ಸಭೆಯಲ್ಲಿ ಎಲ್ಲರೂ ಹೂಂ ಎಂದು ತಲೆಯಾಡಿಸುತ್ತಾರೆ, ಹೊರಗೆ ಬಂದ ಮೇಲೆ ಯಾರೂ ಏನೂ ಮಾಡುವುದಿಲ್ಲ. ಮೂವತ್ತು ವರ್ಷ ಒಳಗೇ ಬೆಳೆದವರಿಗೆ ಯಂತ್ರದ ಸದ್ದು ಗೊತ್ತಿರುತ್ತದೆ, ಆದರೆ ಆ ತಲೆಯಾಡಿಕೆಯೂ ಕಿವಿಗೆ ಹಳೆಯದಾಗಿರುತ್ತದೆ. ಒಳಗಿನವರೋ ಹೊರಗಿನವರೋ ಎಂಬ ಪ್ರಶ್ನೆಗೆ ಇದಕ್ಕಿಂತ ಸರಳ ಉತ್ತರ ಕೊಡುವವರನ್ನು ನಂಬುವುದು ಕಷ್ಟ.

ಲೆಕ್ಕಿಗರ ಪಕ್ಕದ ಕುರ್ಚಿ

ಮನುಷ್ಯ ಮಾಡಿದ ಯಂತ್ರಗಳಲ್ಲೇ ಅತ್ಯಂತ ಜಟಿಲವಾದವುಗಳ ಪಟ್ಟಿ ಮಾಡಿದರೆ ನೆದರ್‌ಲ್ಯಾಂಡ್ಸ್‌ನ ಎಎಸ್‌ಎಂಎಲ್ ಮಾಡುವ ಇಯುವಿ ಯಂತ್ರ ಮೇಲಿರುತ್ತದೆ. ಸೆಕೆಂಡಿಗೆ 50,000 ಕರಗಿದ ತವರದ ಹನಿಗಳು ಬೀಳುತ್ತವೆ, ಪ್ರತಿ ಹನಿಗೂ ಲೇಸರ್ ಎರಡು ಸಲ ಹೊಡೆಯುತ್ತದೆ, ಆಗ ಹೊಮ್ಮುವ 13.5 ನ್ಯಾನೊಮೀಟರ್ ಬೆಳಕಿನಲ್ಲಿ ಚಿಪ್‌ನ ಗೆರೆಗಳು ಮೂಡುತ್ತವೆ. ಗಾಳಿಯೂ ಆ ಬೆಳಕನ್ನು ನುಂಗುವುದರಿಂದ ಇಡೀ ಕೆಲಸ ನಿರ್ವಾತದಲ್ಲಿ. ಇದು ಕಾರ್ಖಾನೆಗಳಲ್ಲಿ ಕೆಲಸಕ್ಕೆ ಬಂದ ಕಾಲದಲ್ಲಿ, 2013ರಿಂದ 2024ರವರೆಗೆ, ಕಂಪನಿಯ ಸಿಇಒ ಪೀಟರ್ ವೆನಿಂಕ್. ಓದಿದ್ದು, ಮಾಡಿದ್ದು ಎಲ್ಲ ಲೆಕ್ಕಪರಿಶೋಧನೆ, ಹಣಕಾಸು.

ಪಕ್ಕದ ಕುರ್ಚಿಯಲ್ಲಿ ಮಾರ್ಟಿನ್ ವಾನ್ ಡೆನ್ ಬ್ರಿಂಕ್ ಇದ್ದರು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಭೌತಶಾಸ್ತ್ರ ಓದಿ, 1984ರಲ್ಲಿ ಕಂಪನಿ ಹುಟ್ಟಿದ ವರ್ಷವೇ ಸೇರಿ, ನಲವತ್ತು ವರ್ಷ ಅಲ್ಲೇ ಇದ್ದವರು. ಯಂತ್ರ ಹೇಗಿರಬೇಕು ಎಂಬುದರಲ್ಲಿ ಅವರ ಮಾತೇ ಮಾತು. ಇತ್ತ ವೆನಿಂಕ್ 2012ರಲ್ಲಿ ಹಣಕಾಸು ಮುಖ್ಯಸ್ಥರಾಗಿದ್ದಾಗಲೇ, ಮುಂದೆ ಯಂತ್ರ ಕೊಳ್ಳಬೇಕಾದ ಗಿರಾಕಿಗಳಿಂದಲೇ ಕಂಪನಿ ದುಡ್ಡು ಹಾಕಿಸಿತು: ಇಂಟೆಲ್ ಶೇ 15, ಟಿಎಸ್‌ಎಂಸಿ ಶೇ 5, ಸ್ಯಾಮ್‌ಸಂಗ್ ಶೇ 3 ಪಾಲು ಕೊಂಡು, ಸಂಶೋಧನೆಗೂ ಹಣ ಕೊಟ್ಟವು. ಯಂತ್ರ ಬರುವುದು ತಡವಾದರೆ ಗಿರಾಕಿಗೂ ನಷ್ಟ ಎಂಬ ಕಟ್ಟು. ಒಳ್ಳೆಯ ಲೆಕ್ಕಿಗರು ಮಾಡುವ ಎಂಜಿನಿಯರಿಂಗ್ ಇದು.

ಆ ಲೇಸರ್ ಮಾಡಿಕೊಡುವ ಜರ್ಮನಿಯ ಟ್ರುಂಪ್ಫ್ ಕಂಪನಿಯ ಕತೆ ಇನ್ನೂ ಮಜವಾಗಿದೆ. 2005ರಿಂದ ಅದನ್ನು ನಡೆಸುತ್ತಿರುವ ನಿಕೋಲಾ ಲೈಬಿಂಗರ್-ಕಾಮ್ಯುಲರ್ ಸಾಹಿತ್ಯದ ಡಾಕ್ಟರೇಟ್ ಪಡೆದವರು. ತಂದೆ ಬರ್ಟೋಲ್ಡ್ ಲೈಬಿಂಗರ್ ಅದೇ ಕಂಪನಿಯಲ್ಲಿ ಅಪ್ರೆಂಟಿಸ್ ಆಗಿ ಸೇರಿ, ಮೆಕ್ಯಾನಿಕಲ್ ಓದಿ, ತಗಡು ಕತ್ತರಿಸುವ ಯಂತ್ರಗಳನ್ನು ರೂಪಿಸಿ, ಕಂಪನಿಯ ಒಡೆತನಕ್ಕೆ ಬಂದವರು. ಮಗಳ ಕಾಲದಲ್ಲಿ ತಂತ್ರಜ್ಞಾನದ ಹೊಣೆ ಎಂಜಿನಿಯರ್ ಆದ ತಮ್ಮನ ಕೈಯಲ್ಲಿ ಬಹಳ ವರ್ಷ ಇತ್ತು. ಮೇಲಿನವರು ಏನು ಓದಿದ್ದಾರೆ ಎಂಬುದಕ್ಕಿಂತ, ಅದೇ ಮೇಜಿನಲ್ಲಿ ಕೂತು ‘ಇದು ಆಗುವುದಿಲ್ಲ’ ಎನ್ನಬಲ್ಲ ಅಧಿಕಾರ ಯಾರಿಗಿದೆ ಎಂಬುದು ಹೆಚ್ಚು ತಿಳಿಸುತ್ತದೆ.

ನಮ್ಮ ಕಡೆಯ ನಡುವಿನ ವರ್ಷಗಳು

ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಗೆ ಹೋದದ್ದು ಚಿತ್ರಕಲೆ ಕಲಿಯಲು. ಬಣ್ಣಗಳನ್ನು ಗುರುತಿಸುವುದರಲ್ಲಿ ಕಣ್ಣಿನ ದೋಷವಿದ್ದದ್ದರಿಂದ ಯಾಂತ್ರಿಕ ನಕ್ಷೆ ಬಿಡಿಸುವುದಕ್ಕೆ ತಿರುಗಿದರು, ಅದನ್ನೇ ಕಲಿಸಿದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಕಿದರೆ ಮಣ್ಣು ಕೆಡುತ್ತದೆ ಎಂದು ರೈತರು ನಂಬಿದ್ದ ಕಾಲ. ಮೊದಲ ನೇಗಿಲುಗಳನ್ನು ಮಾರಲು ಎರಡು ವರ್ಷ ಹಿಡಿಯಿತು. ನಕ್ಷೆ ಬಿಡಿಸುವ ಕೈ, ರಿಪೇರಿ ಮಾಡುವ ಕೈ, ಗಿರಾಕಿಯ ಅನುಮಾನ ಕೇಳಿಸಿಕೊಂಡ ಕಿವಿ: 1910ರಲ್ಲಿ ಶುರುವಾದ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿಯ ಹಿಂದೆ ಇದ್ದ ‘ಡಿಗ್ರಿ’ ಅದು.

ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಕಾಸ್ಮಿಕ್ ಕಿರಣಗಳ ಭೌತವಿಜ್ಞಾನಿ. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟಿಸುವ ಹೊಣೆ ಅವರಿಗೆ ಯಾಕೆ ಬಂತು ಎಂಬುದಕ್ಕೆ ಡಿಗ್ರಿಯಲ್ಲಿ ಉತ್ತರವಿಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿದ್ದಾಗ ಪಯನೀರ್ ಸರಣಿಯ ನೌಕೆಗಳ ಕಾಸ್ಮಿಕ್ ಕಿರಣ ಪ್ರಯೋಗಗಳಲ್ಲಿ ಅವರು ತೊಡಗಿದ್ದರು. ನಿರ್ವಾತ, ಕಂಪನ, ತೂಕದ ಮಿತಿ, ಒಮ್ಮೆ ಹಾರಿದ ಮೇಲೆ ಸ್ಕ್ರೂಡ್ರೈವರ್ ಹಾಕಲಾಗದ ಸ್ಥಿತಿ, ಇವೆಲ್ಲ ಅಲ್ಲಿ ಅಭ್ಯಾಸವಾಗಿದ್ದವು. ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಆದರೂ ಕಟ್ಟುವವರ ಒಂದು ಪಡೆ ಬೆಂಗಳೂರಿನಲ್ಲಿ ತಯಾರಾಗಿತ್ತು.

2025ರ ಜನವರಿಯಲ್ಲಿ ಇಸ್ರೋ ಅಧ್ಯಕ್ಷರಾದ ವಿ. ನಾರಾಯಣನ್ ಅವರ ಪರಿಚಯದಲ್ಲಿ ಐಐಟಿ ಖರಗ್‌ಪುರ ಎದ್ದು ಕಾಣುತ್ತದೆ. ಅದರ ಹಿಂದಿನ ಸಾಲುಗಳನ್ನೂ ಓದಿ: ಮೆಕ್ಯಾನಿಕಲ್ ಡಿಪ್ಲೊಮಾ, ಎಎಂಐಇ (ಎಂಜಿನಿಯರಿಂಗ್ ಪದವಿಗೆ ಸಮನಾದ ಪರೀಕ್ಷೆ), ಚೈನು ಮಾಡುವ ಕಾರ್ಖಾನೆ, ಟೈರ್ ಕಾರ್ಖಾನೆ, ಬಿಎಚ್‌ಇಎಲ್, 1984ರಲ್ಲಿ ಇಸ್ರೋ. ಮುಂದೆ ಹಿಡಿದದ್ದು ಕ್ರಯೋಜೆನಿಕ್ ಎಂಜಿನ್. ಮೈನಸ್ 253 ಡಿಗ್ರಿಯ ದ್ರವ ಜಲಜನಕ, ಮೈನಸ್ 183ರ ದ್ರವ ಆಮ್ಲಜನಕ. ಈ ಕ್ಷೇತ್ರ ಎಷ್ಟು ನಿಷ್ಠುರ ಎಂದರೆ, 2010ರ ಏಪ್ರಿಲ್ 15ರ ಜಿಎಸ್‌ಎಲ್‌ವಿ ಹಾರಾಟದಲ್ಲಿ ಎಂಜಿನ್ ಹೊತ್ತಿಕೊಂಡಿತು, ಆದರೆ ಇಂಧನದ ಬೂಸ್ಟರ್ ಟರ್ಬೊಪಂಪ್ ನಿಂತುಹೋಗಿ ರಾಕೆಟ್ ಸಮುದ್ರ ಸೇರಿತು. ನಮ್ಮದೇ ಕ್ರಯೋಜೆನಿಕ್ ಹಂತ ಗೆದ್ದದ್ದು 2014ರ ಜನವರಿ 5ರಂದು. ಆಮೇಲೆ ಬಂದ ದೊಡ್ಡ ಹಂತ ಸಿ25ಕ್ಕೆ ನಾರಾಯಣನ್ ಯೋಜನಾ ನಿರ್ದೇಶಕ. ಡಿಪ್ಲೊಮಾ ಓದುವ ಹುಡುಗರಿಗೆ ಇದನ್ನು ತೋರಿಸುವವರು ಐಐಟಿಯ ಸಾಲನ್ನಷ್ಟೇ ಓದಿ ಹೇಳುವುದುಂಟು.

ಯಾವ ಕಾಗದ ತೆರೆಯಬೇಕು

ಭಾರತದ ಲಿಸ್ಟೆಡ್ ಕಂಪನಿಯಾದರೆ ವೆಬ್‌ಸೈಟಿನ ಫೋಟೊ ಪುಟ ಬಿಟ್ಟು ವಾರ್ಷಿಕ ಸಾಮಾನ್ಯ ಸಭೆಯ ನೋಟಿಸ್ ತೆರೆಯಿರಿ. ನಿರ್ದೇಶಕರನ್ನು ನೇಮಿಸುವಾಗ, ಮರುನೇಮಿಸುವಾಗ ಅವರ ಕಿರುಪರಿಚಯ, ಯಾವ ಕ್ಷೇತ್ರದ ಪರಿಣತಿ, ಬೇರೆ ನಿರ್ದೇಶಕರ ಜೊತೆ ನೆಂಟಸ್ತನ ಉಂಟೇ, ಬೇರೆ ಯಾವ ಲಿಸ್ಟೆಡ್ ಕಂಪನಿಗಳಲ್ಲಿದ್ದಾರೆ ಎಂಬುದನ್ನೆಲ್ಲ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದಂತೆ ಅಲ್ಲಿ ಕೊಡಬೇಕು. ವಾರ್ಷಿಕ ವರದಿಯ ಕಾರ್ಪೊರೇಟ್ ಗವರ್ನೆನ್ಸ್ ಭಾಗದಲ್ಲಿ ಯಾವ ನಿರ್ದೇಶಕರಿಗೆ ಯಾವ ಕೌಶಲ ಎಂಬ ಕೋಷ್ಟಕವೂ ಇರಬೇಕು. ಅದರಲ್ಲಿ ಎಲ್ಲರ ಮುಂದೆಯೂ ಎಲ್ಲ ಕೌಶಲಗಳಿಗೂ ಟಿಕ್ ಬಿದ್ದಿದ್ದರೆ ಆ ಕೋಷ್ಟಕವನ್ನು ಮಡಚಿಡಿ. ‘ತಯಾರಿಕೆ’ ಎಂಬ ಕಾಲಂ ಎದುರು ಒಬ್ಬಿಬ್ಬರಿಗೆ ಮಾತ್ರ ಟಿಕ್ ಇದ್ದರೆ ಅದನ್ನು ನಂಬಬಹುದು, ಅವರ ಹೆಸರು ಹಿಡಿದು ಮುಂದೆ ಹುಡುಕಬಹುದು. ಅಮೆರಿಕದ ಕಂಪನಿಗಳಲ್ಲಿ ಇಂಥ ಮಾಹಿತಿ ಷೇರುದಾರರ ಸಭೆಗೆ ಮುನ್ನ ಕಳಿಸುವ ಪ್ರಾಕ್ಸಿ ಸ್ಟೇಟ್‌ಮೆಂಟ್‌ನಲ್ಲೋ ವಾರ್ಷಿಕ ಟೆನ್-ಕೆ ವರದಿಯಲ್ಲೋ ಇರುತ್ತದೆ. ಕನಿಷ್ಠ ಹಿಂದಿನ ಐದು ವರ್ಷದ ಕೆಲಸ ಬರೆಯುವುದು ಕಡ್ಡಾಯ.

ಎಚ್‌ಎಎಲ್, ಬಿಇಎಲ್‌ನಂಥ ಸರ್ಕಾರಿ ಕಂಪನಿಗಳಾದರೆ ಪಬ್ಲಿಕ್ ಎಂಟರ್‌ಪ್ರೈಸಸ್ ಸೆಲೆಕ್ಷನ್ ಬೋರ್ಡ್ ಹೊರಡಿಸುವ ಜಾಹೀರಾತನ್ನು ಓದಿ. ಹುದ್ದೆಗೆ ಬೇಕಾದ ವಿದ್ಯಾರ್ಹತೆ, ಅನುಭವ, ಹೊಣೆಗಾರಿಕೆ ಅದರಲ್ಲಿ ಬಿಡಿಸಿ ಬರೆದಿರುತ್ತದೆ. ನಿವೃತ್ತಿ 60ಕ್ಕೆ, ಒಳಗಿನ ಅಭ್ಯರ್ಥಿಗೆ ಕನಿಷ್ಠ ಎರಡು ವರ್ಷ, ಹೊರಗಿನವರಿಗೆ ಮೂರು ವರ್ಷ ಸೇವೆ ಬಾಕಿಯಿದ್ದರೆ ಸಾಕು ಎಂಬುದು ಸಾಮಾನ್ಯ ಷರತ್ತು. ಅಂದರೆ ಎರಡು ಮೂರು ವರ್ಷಕ್ಕೇ ಕುರ್ಚಿ ಖಾಲಿಯಾಗುವುದು ಹೊಸತಲ್ಲ. ವಿಮಾನ, ರೇಡಾರ್ ಯೋಜನೆಗಳೋ ಹತ್ತಾರು ವರ್ಷದವು. ಇಂಥಲ್ಲಿ ಸಿಎಂಡಿಯ (ಅಧ್ಯಕ್ಷ ಮತ್ತು ವ್ಯವಸ್ಥಾಪಕ ನಿರ್ದೇಶಕರ) ಬಯೋಡೇಟಾಕ್ಕಿಂತ ಪ್ರಾಜೆಕ್ಟ್ ಡೈರೆಕ್ಟರ್ ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂಬುದೇ ಹೆಚ್ಚು ಉಪಯೋಗ.

ಕಾಗದ ಸಿಕ್ಕಿತು. ಈಗ ಬಿಳಿ ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಎಡಕ್ಕೆ ವರ್ಷ, ನಡುವೆ ಅವರ ಹೊಣೆ, ಬಲಕ್ಕೆ ಆ ವರ್ಷ ಮತ್ತು ಮುಂದಿನ ಮೂರು ವರ್ಷದಲ್ಲಿ ಆ ವಿಭಾಗದಿಂದ ಹೊರಬಂದ ಉತ್ಪನ್ನ, ವಾಪಸು ಕರೆದದ್ದು, ತಡವಾದದ್ದು. ನಡುವಿನ ಕಾಲಂನಲ್ಲಿ ಪ್ರತಿ ಹದಿನೆಂಟು ತಿಂಗಳಿಗೊಂದು ಹೊಸ ಹುದ್ದೆ ಕಂಡರೆ ಅದನ್ನು ಚುರುಕುತನ ಎಂದು ಓದಬೇಡಿ. ತಾವು ತೆಗೆದುಕೊಂಡ ನಿರ್ಧಾರದ ಫಲವನ್ನು ಅವರು ಒಮ್ಮೆಯೂ ಅದೇ ಕುರ್ಚಿಯಲ್ಲಿ ಕೂತು ಉಂಡಿಲ್ಲ ಎಂದರ್ಥ. ಒಂದು ಉತ್ಪನ್ನವನ್ನು ನಕ್ಷೆಯಿಂದ ವಾರಂಟಿ ಮುಗಿಯುವವರೆಗೆ ಹಿಡಿದಿದ್ದ ಅವಧಿ ಒಂದಾದರೂ ಇದೆಯೇ ಎಂದು ಹುಡುಕಿ. ಕ್ರಿಯಾಪದಗಳ ಮೇಲೂ ಕಣ್ಣಿರಲಿ. ‘ಪರಿವರ್ತನೆಯ ಹರಿಕಾರ’, ‘ಜಾಗತಿಕ ತಂಡಗಳಿಗೆ ಮಾರ್ಗದರ್ಶನ’ ಇವು ಗಾಳಿ. ‘ಇಂಥ ಊರಿನ ಘಟಕದ ಮುಖ್ಯಸ್ಥರು, ಇಷ್ಟು ವರ್ಷ’ ಎಂದಿದ್ದರೆ ತಾಳೆ ನೋಡಬಹುದು.

ಬಯೋಡೇಟಾದಲ್ಲಿ ಬರೆಯದ, ಆದರೆ ಒಳಗಿನವರನ್ನು ಕೇಳಿದರೆ ಒಂದೇ ನಿಮಿಷದಲ್ಲಿ ತಿಳಿಯುವ ವಿಷಯ ಇನ್ನೊಂದಿದೆ: ಕ್ವಾಲಿಟಿ ವಿಭಾಗದ ಮುಖ್ಯಸ್ಥರು ಯಾರಿಗೆ ವರದಿ ಮಾಡುತ್ತಾರೆ? ಉತ್ಪಾದನೆಯ ಮುಖ್ಯಸ್ಥರಿಗೆ ಎಂದಾದರೆ, ಮಾರ್ಚ್ 31ರ ರಾತ್ರಿಯನ್ನು ಊಹಿಸಿಕೊಳ್ಳಿ. ಡಿಸ್ಪ್ಯಾಚ್ ಬಾಗಿಲಲ್ಲಿ ಲಾರಿ ನಿಂತಿದೆ, ವರ್ಷದ ಟರ್ನೋವರ್ ಗುರಿ ಮುಟ್ಟಲು ಆ ಒಂದು ಲೋಡು ಹೋಗಲೇಬೇಕು, ಅದರಲ್ಲಿ ಹನ್ನೆರಡು ಪೀಸ್ ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) ದಾಟಿವೆ. ಇನ್‌ಸ್ಪೆಕ್ಟರ್ ಕೈಯಲ್ಲಿ ಮಾಲನ್ನು ತಡೆಹಿಡಿಯುವ ಕೆಂಪು ಟ್ಯಾಗ್ ಇದೆ. ಅವರು ಫೋನ್ ಮಾಡಬೇಕಾದದ್ದು, ಲಾರಿ ಹೊರಡಲಿ ಎಂದು ಕಾಯುತ್ತಿರುವವರಿಗೇ.